ಕರೆ ಬಾರದ ಆಟಗಾರ

ನಮ್ಮ ಅಮ್ಮನದು ಒಂದು ಕಟ್ಟುನಿಟ್ಟು. ಕರೆಯದ ಮನೆಗೆ ಊಟಕ್ಕೆ ಹೋಗಕೂಡದು. ಪಕ್ಕದ ಮನೆಯಲ್ಲಿ ನಾಮಕರಣ ನಡೆದು ಹೋಳಿಗೆಯ ಘಮ ಬೀದಿಗೆಲ್ಲ ಹರಡಿದ್ದರೂ ಸರಿ, ಆ ಮನೆಯ ಹುಡುಗ ಬಂದು “ಅಮ್ಮ ಕರೀತಿದಾರೆ” ಎನ್ನುವವರೆಗೆ ನಾವು ಜಗಲಿ ಇಳಿಯುವಂತಿರಲಿಲ್ಲ. ಹೇಳಿಕಳಿಸದೆ ಹೋಗುವವರ ಬಗ್ಗೆ ಸರ್ವಜ್ಞನೂ ಒಳ್ಳೆಯ ಮಾತಾಡಿಲ್ಲ. ಈ ಪಾಠವನ್ನು ನಾನು ಎಷ್ಟು ಚೆನ್ನಾಗಿ ಕಲಿತೆನೆಂದರೆ, ಎಪ್ಪತ್ತರ ಹತ್ತಿರ ಬರುವವರೆಗೂ ಅದಕ್ಕೊಂದು ಇನ್ನೊಂದು ಮಗ್ಗುಲು ಇದೆಯೆಂದು ನನಗೆ ಹೊಳೆದಿರಲಿಲ್ಲ. ಹೊಳೆಯುವಂತೆ ಮಾಡಿದವನು ನನ್ನ ಮೊಮ್ಮಗ. ಅದೂ ನನಗೆ ತಲೆಬುಡ ತಿಳಿಯದ ಬೇಸ್‌ಬಾಲ್ ಆಟದ ಮೂಲಕ!

2017ರ ಆಗಸ್ಟ್‌ನಲ್ಲಿ ನಾನೂ ನಮ್ಮ ಮನೆಯಾಕೆಯೂ ಅಮೆರಿಕದ ದಕ್ಷಿಣ ಕ್ಯಾರೊಲಿನಾ ರಾಜ್ಯದಲ್ಲಿರುವ ಮಗಳ ಮನೆಗೆ ಹೋಗಿದ್ದೆವು. ಮೊಮ್ಮಗ ಆಗಷ್ಟೇ ಹನ್ನೆರಡನೇ ತರಗತಿ ಮುಗಿಸಿ, ಮನೆಯಿಂದ ಕಾರಿನಲ್ಲಿ ಒಂದೂವರೆ ಗಂಟೆ ದೂರದ ಕಾಲೇಜಿಗೆ ಇಂಜಿನಿಯರಿಂಗ್ ಓದಲು ಸೇರಿದ್ದ. ವಾರದ ಕೊನೆಗೆ ಮನೆಗೆ ಬಂದವನು ಚಪಾತಿ ತಿನ್ನುತ್ತಾ, “ತಾತ, ಮುಂದಿನ ಶನಿವಾರ ಬೇಸ್‌ಬಾಲ್ ಟೀಮಿನ ಟ್ರೈಔಟ್ ಇದೆ. ನಾನು ವಾಕ್-ಆನ್ ಆಗಿ ಹೋಗ್ತಿದೀನಿ” ಎಂದ.

“ಹಾಗಂದ್ರೇನೋ ಪುಟ್ಟ?”

“ಅವರು ನನ್ನನ್ನ ಕರೆದಿಲ್ಲ ತಾತ. ನಾನಾಗೇ ನಡ್ಕೊಂಡು ಹೋಗಿ, ನೋಡಿ ಅಂತ ಕೇಳೋದು.”

ನನಗೆ ಅಮ್ಮ ನೆನಪಾದರು.

ಮಕ್ಕಳೇ, ಈ ‘ವಾಕ್-ಆನ್’ ಎಂದರೇನೆಂದು ಮೊದಲು ಹೇಳಿಬಿಡುತ್ತೇನೆ. ಅಮೆರಿಕದಲ್ಲಿ ಕಾಲೇಜು ಆಟವೆಂದರೆ ನಮ್ಮ ಅಂತರ ಕಾಲೇಜು ಪಂದ್ಯಗಳ ಹಾಗಲ್ಲ. ಎನ್‌ಸಿಎಎ ಎಂಬ ಸಂಸ್ಥೆ ಕಾಲೇಜುಗಳನ್ನು ಮೂರು ಡಿವಿಷನ್‌ಗಳಾಗಿ ವಿಂಗಡಿಸಿದೆ. ಮೊದಲ ಡಿವಿಷನ್ನಿನಲ್ಲಿ ಬೇಸ್‌ಬಾಲ್ ಆಡುವ ಕಾಲೇಜುಗಳೇ ಸುಮಾರು 300. ಫೆಬ್ರವರಿ ಮಧ್ಯದಲ್ಲಿ ಪಂದ್ಯಗಳು ಶುರುವಾಗುತ್ತವೆ. ಒಂದೊಂದು ತಂಡ 56 ಪಂದ್ಯಗಳವರೆಗೆ ಆಡುತ್ತದೆ. ಕೊನೆಗೆ ಗೆದ್ದು ಉಳಿದ ಎಂಟು ತಂಡಗಳು ಜೂನ್‌ನಲ್ಲಿ ನೆಬ್ರಾಸ್ಕಾ ರಾಜ್ಯದ ಒಮಾಹ ನಗರದಲ್ಲಿ ಸೇರುತ್ತವೆ. 1950ರಿಂದಲೂ ಅಂತಿಮ ಸುತ್ತು ಅಲ್ಲಿಯೇ.

ಇಂಥ ತಂಡಗಳ ತರಬೇತುದಾರರು ಹುಡುಗರು ಇನ್ನೂ ಹೈಸ್ಕೂಲಿನಲ್ಲಿರುವಾಗಲೇ ಊರೂರು ಸುತ್ತಿ, ಚೆನ್ನಾಗಿ ಆಡುವವರನ್ನು ಗುರುತು ಹಾಕಿಕೊಂಡು, ವಿದ್ಯಾರ್ಥಿವೇತನ ಕೊಟ್ಟು ಕರೆತರುತ್ತಾರೆ. ಆಗಿನ ನಿಯಮ ನನ್ನಂಥ ಬ್ಯಾಂಕಿನವನಿಗೆ ಬಹಳ ಮೋಜೆನಿಸಿತು. ತಂಡದಲ್ಲಿ 35 ಮಂದಿ. ಆದರೆ ಕಾಲೇಜು ಕೊಡಬಹುದಾದ ಪೂರ್ತಿ ವಿದ್ಯಾರ್ಥಿವೇತನ 11.7 ಮಾತ್ರ. ಹನ್ನೆರಡೂ ಅಲ್ಲ, ಹನ್ನೊಂದೂ ಅಲ್ಲ! ಅದನ್ನು ಹೆಚ್ಚೆಂದರೆ 27 ಹುಡುಗರಿಗೆ ತುಂಡು ಮಾಡಿ ಹಂಚಬೇಕು. ಸಮನಾಗಿ ಹಂಚಿದರೆ ಒಬ್ಬನಿಗೆ ರೂಪಾಯಿಯಲ್ಲಿ ಸುಮಾರು 43 ಪೈಸೆ. 35ರಲ್ಲಿ 27 ಕಳೆದರೆ ಉಳಿಯುವವರು ಎಂಟು. ಆ ಎಂಟು ಮಂದಿಗೆ ಆಟದ ಲೆಕ್ಕದಲ್ಲಿ ಒಂದು ಪೈಸೆಯೂ ಇಲ್ಲ. ಅವರ ಪೈಕಿ ಕೆಲವರಿಗೆ ‘ಬಾ, ಜಾಗ ಕೊಡುತ್ತೇನೆ, ಹಣ ಮಾತ್ರ ಇಲ್ಲ’ ಎಂದು ಮೊದಲೇ ಹೇಳಿರುತ್ತಾರೆ. ಅದೂ ಇಲ್ಲದವನು ಕಾಲೇಜು ತೆರೆದ ಮೇಲೆ ನಡೆಯುವ ಆಯ್ಕೆಗೆ ತಾನಾಗಿಯೇ ಹೋಗಿ ನಿಲ್ಲಬೇಕು. ನಮ್ಮ ಹುಡುಗ ಆ ಕೊನೆಯ ಗುಂಪಿನವನು.

ಶನಿವಾರ ಅಳಿಯನ ಜೊತೆ ನಾನೂ ಹೋಗಿ ಗ್ಯಾಲರಿಯಲ್ಲಿ ಕೂತೆ. ಸುಮ್ಮನೆ ಬಂದು ನಿಲ್ಲುವುದಕ್ಕೂ ಕಾಗದಪತ್ರ ಬೇಕು. ಪೂರ್ಣಾವಧಿ ವಿದ್ಯಾರ್ಥಿಯೆಂಬ ದಾಖಲೆ, ವೈದ್ಯರ ಸರ್ಟಿಫಿಕೇಟು, ಸಿಕಲ್ ಸೆಲ್ ಎಂಬ ರಕ್ತದ ತೊಂದರೆ ಇದೆಯೇ ಎಂಬ ಪರೀಕ್ಷೆಯ ವರದಿ. ಎಲ್ಲ ಒಪ್ಪಿಸಿ 31 ಹುಡುಗರು ಸಾಲಾಗಿ ನಿಂತರು. ಬೇಕಾಗಿದ್ದವರು ಇಬ್ಬರು.

ಮೊದಲು ಓಟ. ಅರವತ್ತು ಗಜ, ಅಂದರೆ ಸುಮಾರು 55 ಮೀಟರ್. ಏಳು ಸೆಕೆಂಡಿನೊಳಗೆ ಓಡಿದವನತ್ತ ತರಬೇತುದಾರರು ತಲೆ ಎತ್ತಿ ನೋಡುತ್ತಾರೆ. ಆಮೇಲೆ ಎಸೆತ. ಚೆಂಡಿನ ವೇಗ ಅಳೆಯಲು ಕೈಯಲ್ಲಿ ಹಿಡಿಯುವ ರೇಡಾರ್ ಯಂತ್ರ. ಕೊನೆಗೆ ಬ್ಯಾಟಿಂಗ್. ಕಾಲೇಜು ಆಟದಲ್ಲಿ ಬಳಸುವುದು ಲೋಹದ ಬ್ಯಾಟು. ಚೆಂಡು ತಗುಲಿದರೆ ಗಂಟೆ ಬಾರಿಸಿದಂತೆ ಟಣ್ ಎನ್ನುತ್ತದೆ. ಚೆಂಡು ನಮ್ಮ ಕ್ರಿಕೆಟ್ ಚೆಂಡಿಗಿಂತ ತುಸು ಹಗುರ, ಆದರೆ ಗಾತ್ರದಲ್ಲಿ ಚೂರು ದೊಡ್ಡದು. ನೆಲಕ್ಕೆ ಬಡಿಯದೆ ನೇರವಾಗಿ ಬರುತ್ತದೆ. ಉರುಟು ಬ್ಯಾಟಿನಲ್ಲಿ ಅದನ್ನು ಹೊಡೆಯುವುದನ್ನು ನೋಡಿದ ಮೇಲೆ, ನಮ್ಮ ಚಪ್ಪಟೆ ಬ್ಯಾಟು ಕಂಡುಹಿಡಿದವರಿಗೆ ಮನಸ್ಸಿನಲ್ಲೇ ಕೈಮುಗಿದೆ.

ನಮ್ಮವನ ಓಟ 7.1 ಸೆಕೆಂಡು. ಎಸೆತ ಪರವಾಗಿಲ್ಲ. ಬ್ಯಾಟಿಂಗಿನಲ್ಲಿ ಹತ್ತು ಚೆಂಡಿಗೆ ಮೂರು ಸಲ ಟಣ್ ಎಂದಿತು. ಸಂಜೆ ಇ-ಮೇಲ್ ಬಂತು. ಎರಡು ಹೆಸರು. ಎರಡೂ ಅವನದಲ್ಲ.

ಆ ರಾತ್ರಿ ಅವನು ಊಟಕ್ಕೆ ಬರಲಿಲ್ಲ. ಅಜ್ಜಿ ತಟ್ಟೆ ಹಿಡಿದು ಬಾಗಿಲ ಬಳಿ ನಿಂತು ಕರೆದರೂ “ಆಮೇಲೆ ಅಜ್ಜಿ” ಎಂದಷ್ಟೇ ಉತ್ತರ. ನಾನು ಒಳಗೆ ಹೋಗಿ ಮಂಚದ ತುದಿಯಲ್ಲಿ ಕೂತೆ. ಸಮಾಧಾನದ ಮಾತು ನನಗೆ ಬರುವುದಿಲ್ಲ. ನನಗೆ ಗೊತ್ತಿದ್ದ ಒಂದು ಸಂಗತಿ ಹೇಳಿದೆ. ಅಲ್ಲಿಯವರೆಗೆ ಅದನ್ನು ಯಾರಿಗೂ ಹೇಳಿರಲಿಲ್ಲ, ಅವನ ಅಜ್ಜಿಗೂ.

1969. ನಾನು ಬಿಕಾಂ ಎರಡನೇ ವರ್ಷ. ಕಾಲೇಜಿನ ನೋಟಿಸ್ ಬೋರ್ಡಿನಲ್ಲಿ ಕ್ರಿಕೆಟ್ ತಂಡದ ಆಯ್ಕೆಯ ಚೀಟಿ ಹಚ್ಚಿದ್ದರು. ‘ಆಸಕ್ತರು ಸಂಜೆ ನಾಲ್ಕಕ್ಕೆ ಮೈದಾನಕ್ಕೆ ಬರುವುದು.’ ನನಗೆ ಆಫ್ ಸ್ಪಿನ್ ಬರುತ್ತಿತ್ತು. ನಮ್ಮ ಬೀದಿಯಲ್ಲಿ ನನ್ನ ಚೆಂಡನ್ನು ನೆಟ್ಟಗೆ ಆಡಿದವರು ಕಡಿಮೆ. ನಾಲ್ಕು ಗಂಟೆಗೆ ಸರಿಯಾಗಿ ಹೋದೆ. ಮೈದಾನದ ಅಂಚಿನ ಬೇವಿನ ಮರದ ಕೆಳಗೆ ನಿಂತೆ. ಒಳಗೆ ಬಿಳಿ ಪ್ಯಾಂಟು, ಬಿಳಿ ಬೂಟಿನ ಹುಡುಗರು. ನನ್ನ ಕಾಲಲ್ಲಿ ಹವಾಯಿ ಚಪ್ಪಲಿ. ಯಾರಾದರೂ “ಏನಪ್ಪಾ, ಬೌಲಿಂಗ್ ಮಾಡ್ತೀಯಾ?” ಎಂದು ಕೇಳಿಯಾರೆಂದು ಆರು ಗಂಟೆಯವರೆಗೆ ಕಾದೆ. ಯಾರೂ ಕೇಳಲಿಲ್ಲ. ಮನೆಗೆ ಬಂದೆ. ಮರುವರ್ಷವೂ ಚೀಟಿ ಹಚ್ಚಿದರು. ಆಗ ಮರದವರೆಗೂ ಹೋಗಲಿಲ್ಲ.

“ನಿನಗೆ ಬೇಡ ಅಂದ್ರಾ ತಾತ?” ಎಂದು ಮೊಮ್ಮಗ ಕೇಳಿದ.

“ಇಲ್ಲ ಪುಟ್ಟ. ಬೇಡ ಅನ್ನೋದಕ್ಕೂ ನಾನು ಅವಕಾಶ ಕೊಡಲಿಲ್ಲ.”

ಅವನು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಎದ್ದು ಹೋಗಿ ತಣ್ಣಗಾಗಿದ್ದ ಅನ್ನ ಸಾರು ಉಂಡ.

ಅಕ್ಟೋಬರ್ 11ರ ರಾತ್ರಿ ಅಳಿಯ ಟಿವಿ ಹಾಕಿದರು. ನ್ಯೂಯಾರ್ಕ್ ಯಾಂಕೀಸ್ ತಂಡಕ್ಕೂ ಕ್ಲೀವ್‌ಲ್ಯಾಂಡ್ ತಂಡಕ್ಕೂ ನಿರ್ಣಾಯಕ ಪಂದ್ಯ. ಒಂಬತ್ತನೇ, ಅಂದರೆ ಕೊನೆಯ ಇನ್ನಿಂಗ್ಸ್. ಯಾಂಕೀಸ್ 3-2ರಲ್ಲಿ ಮುಂದಿತ್ತು. ಗಿಡ್ಡಗೆ, ಗಟ್ಟಿಮುಟ್ಟಾಗಿ ಇದ್ದ ಒಬ್ಬ ಆಟಗಾರ ಬ್ಯಾಟಿಗೆ ಬಂದ. ಎಸೆತದ ಮೇಲೆ ಎಸೆತ. ಒಂದನ್ನು ಬಿಟ್ಟ, ಒಂದನ್ನು ಪಕ್ಕಕ್ಕೆ ತಳ್ಳಿದ, ಮತ್ತೊಂದನ್ನು ತಳ್ಳಿದ. ಔಟೂ ಆಗಲಿಲ್ಲ, ಜಾಗವನ್ನೂ ಬಿಡಲಿಲ್ಲ. ಹನ್ನೆರಡನೇ ಚೆಂಡನ್ನು ಹೊಡೆದ. ಇಬ್ಬರು ಓಡಿ ಬಂದರು. ಪಂದ್ಯ 5-2ಕ್ಕೆ ಮುಗಿಯಿತು.

“ಮಾವ, ಇವನ ಹೆಸರು ಬ್ರೆಟ್ ಗಾರ್ಡ್ನರ್. ಇದೇ ರಾಜ್ಯದವನು, ಹಾಲಿ ಹಿಲ್ ಅನ್ನೋ ಸಣ್ಣ ಊರಿನ ರೈತನ ಮಗ. ಇವನನ್ನೂ ಯಾವ ದೊಡ್ಡ ಕಾಲೇಜೂ ಕರೆದಿರಲಿಲ್ಲ” ಎಂದು ಅಳಿಯ ಕಥೆ ಬಿಚ್ಚಿದರು. ಗಾರ್ಡ್ನರ್ ಕಾಲೇಜ್ ಆಫ್ ಚಾರ್ಲ್ಸ್‌ಟನ್‌ಗೆ ಸೇರಿ ವಾಕ್-ಆನ್ ಆಗಿ ಆಯ್ಕೆಗೆ ಹೋದ. ಅವನನ್ನು ತೆಗೆದುಕೊಳ್ಳಲಿಲ್ಲ. ಆಗ ಅವನ ಅಪ್ಪ ತರಬೇತುದಾರರಿಗೆ ಪತ್ರ ಬರೆದು, ಮಗನಿಗೆ ಇನ್ನೊಂದು ಅವಕಾಶ ಕೊಡಿ ಎಂದು ಕೇಳಿಕೊಂಡರು. ಅವಕಾಶ ಸಿಕ್ಕಿತು. ಹುಡುಗ ಅದನ್ನು ಬಿಡಲಿಲ್ಲ. 2005ರಲ್ಲಿ ಯಾಂಕೀಸ್ ಅವನನ್ನು ಆರಿಸಿಕೊಂಡಿತು. 2009ರಲ್ಲಿ ವಿಶ್ವ ಸರಣಿ ಗೆದ್ದ ತಂಡದಲ್ಲಿ ಅವನಿದ್ದ. 2008ರಿಂದ 2021ರವರೆಗೆ, 14 ವರ್ಷ, ಅದೊಂದೇ ತಂಡಕ್ಕೆ ಆಡಿದ.

ಪತ್ರ ಎಂಬ ಪದ ಕಿವಿಗೆ ಬಿದ್ದದ್ದೇ ತಡ, ನನ್ನೊಳಗಿನ ಗುಮಾಸ್ತ ಎದ್ದು ಕುಳಿತ. ಕೌಂಟರಿನಲ್ಲಿ ಕೂತು ಎಷ್ಟು ಜನರಿಗೆ ಅರ್ಜಿ ಬರೆದುಕೊಟ್ಟವನು ನಾನು! ಆ ರಾತ್ರಿಯೇ ಹಾಳೆ ತೆಗೆದೆ. ಮಾನ್ಯರೇ, ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಎಂದು ಆರಂಭಿಸಿ, ಮೊಮ್ಮಗನ ಶ್ರದ್ಧೆ, ಶಿಸ್ತು, ಅಂಕಗಳನ್ನೆಲ್ಲ ಸೇರಿಸಿ, ದಯಮಾಡಿ ಪರಿಶೀಲಿಸಬೇಕೆಂದು ಮುಗಿಸಿ, ಶುದ್ಧ ಇಂಗ್ಲಿಷಿನಲ್ಲಿ ಒಂದೂವರೆ ಪುಟ ಸಿದ್ಧಮಾಡಿದೆ. ಶನಿವಾರ ಬಂದ ಮೊಮ್ಮಗನಿಗೆ ಕೊಟ್ಟೆ. ಅವನು ಪೂರ್ತಿ ಓದಿದ, ನಗಲಿಲ್ಲ. ಮಡಚಿ ನನ್ನ ಕೈಗೇ ಇಟ್ಟ.

“ತುಂಬಾ ಚೆನ್ನಾಗಿದೆ ತಾತ. ಆದ್ರೆ ಬೇಡ. ನಾನೇ ಹೋಗಿ ಕೇಳ್ತೀನಿ.”

ಸೋಮವಾರ ಅವನು ತರಬೇತುದಾರರ ಕೋಣೆಗೆ ಹೋದ. ಯಾಕೆ ತಗೊಳ್ಳಲಿಲ್ಲ ಎಂದು ಕೇಳಲಿಲ್ಲ. “ಮುಂದಿನ ವರ್ಷ ಬರ್ತೀನಿ. ಅಷ್ಟರಲ್ಲಿ ಏನು ಸರಿಮಾಡ್ಕೋಬೇಕು?” ಎಂದು ಕೇಳಿದನಂತೆ. ಅವರು ಹತ್ತು ನಿಮಿಷ ಕೂರಿಸಿಕೊಂಡು ಮಾತಾಡಿದರಂತೆ. ಕಾಲಿಗೆ ಬಲ ಬರಬೇಕು; ಮೈಗೆ ಏಳೆಂಟು ಕಿಲೋ ತೂಕ ಬರಬೇಕು; ಬೇಸ್ ಮೇಲೆ ನಿಂತಾಗ ಚೆಂಡೆಸೆಯುವವನ ಹಿಮ್ಮಡಿ ನೋಡಿ, ಅವನು ಬ್ಯಾಟಿನ ಕಡೆ ಎಸೆಯುತ್ತಾನೋ ನಿನ್ನ ಕಡೆ ಎಸೆಯುತ್ತಾನೋ ಎಂದು ತಿಳಿಯಲು ಕಲಿಯಬೇಕು. ಇಷ್ಟೇ. ಹೊಗಳಿಕೆಯೂ ಇಲ್ಲ, ಭರವಸೆಯೂ ಇಲ್ಲ. ಮೊಮ್ಮಗ ಅದನ್ನು ಒಂದು ಚೀಟಿಯಲ್ಲಿ ಬರೆದು ಕನ್ನಡಿಯ ಮೂಲೆಗೆ ಅಂಟಿಸಿದ.

ಆ ಚಳಿಗಾಲದಲ್ಲಿ ನಾನು ಹತ್ತಿರದ ಲೈಬ್ರರಿಗೆ ಹೋಗಿ ಬೇಸ್‌ಬಾಲ್ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಅಲ್ಲಿ ಇನ್ನೊಬ್ಬನ ಕಥೆ ಸಿಕ್ಕಿತು. ಅಜ್ಜ ಅಜ್ಜಿಯರು ಗಮನವಿಟ್ಟು ಓದಬೇಕು. ಇಲಿನಾಯ್ ರಾಜ್ಯದ ಯುರೇಕಾ ಎಂಬ ಊರಿನ ಬೆನ್ ಝೋಬ್ರಿಸ್ಟ್ 2000ದಲ್ಲಿ ಹೈಸ್ಕೂಲು ಮುಗಿಸಿದಾಗ ಅವನನ್ನೂ ಯಾವ ಕಾಲೇಜು ತಂಡವೂ ಕೇಳಿರಲಿಲ್ಲ. ಯಾರೂ ಆರಿಸದೆ ಬಿಟ್ಟ ಹುಡುಗರಿಗಾಗಿ ಪಕ್ಕದ ಊರಿನಲ್ಲಿ ಒಂದು ಆಯ್ಕೆ ಶಿಬಿರ ನಡೆಯುತ್ತಿತ್ತು. ಶುಲ್ಕ 50 ಡಾಲರ್. ಹುಟ್ಟುಹಬ್ಬಕ್ಕೆಂದು ಅಜ್ಜ ಅಜ್ಜಿ ಕೊಟ್ಟಿದ್ದ ಹಣದಿಂದ ಅವನು ಆ ಶುಲ್ಕ ಕಟ್ಟಿದ. ಅಲ್ಲಿ ಒಂದು ಚಿಕ್ಕ ಕಾಲೇಜಿನ ತರಬೇತುದಾರರ ಕಣ್ಣಿಗೆ ಬಿದ್ದ. 2016ರಲ್ಲಿ ಷಿಕಾಗೋ ಕಬ್ಸ್ ತಂಡ 108 ವರ್ಷಗಳ ನಂತರ ವಿಶ್ವ ಸರಣಿ ಗೆದ್ದಾಗ, ಕೊನೆಯ ಪಂದ್ಯದ ಹತ್ತನೇ ಇನ್ನಿಂಗ್ಸ್‌ನಲ್ಲಿ ತಂಡವನ್ನು ಮುಂದಕ್ಕೆ ತಂದ ಹೊಡೆತ ಅವನದು. ಸರಣಿಯ ಅತ್ಯುತ್ತಮ ಆಟಗಾರನೂ ಅವನೇ. ಐವತ್ತು ಡಾಲರಿಗೆ ಇಷ್ಟು ಬಡ್ಡಿ ಕೊಟ್ಟ ಬ್ಯಾಂಕನ್ನು ನಾನಂತೂ ಕಂಡಿಲ್ಲ.

ಡಿಸೆಂಬರ್‌ನಲ್ಲಿ ಊರಿಗೆ ಹೊರಡುವ ದಿನ ನಾನೂ ಮೊಮ್ಮಗನ ಕೈಗೆ ಐವತ್ತು ಡಾಲರಿನ ಒಂದು ನೋಟು ಇಟ್ಟೆ. ಅವನು ಅದಕ್ಕೆ ತನ್ನ ಹಣ ಸೇರಿಸಿ ಮೊಳೆ ಇರುವ ಓಟದ ಬೂಟು ಕೊಂಡ.

2018ರ ಸೆಪ್ಟೆಂಬರ್. ಊರಿನಲ್ಲಿ ನಾನು ಬೆಳಗಿನ ಕಾಫಿಗೆ ಹಾಲು ಕಾಯಿಸುತ್ತಿದ್ದೆ. ಫೋನು ಬಂತು. “ತಾತ, 6.8!” ಎಂದ. ಏನೆಂದು ತಿಳಿಯಲು ನನಗೆ ಎರಡು ಕ್ಷಣ ಬೇಕಾಯಿತು. ಆಮೇಲೆ, “ತಗೊಂಡ್ರು ತಾತ” ಎಂದ. ಹಾಲು ಉಕ್ಕಿ ಒಲೆಯೆಲ್ಲ ಹರಿಯಿತು. ನಮ್ಮ ಮನೆಯಾಕೆ ಅಂದು ಒಂದು ಮಾತೂ ಬೈಯಲಿಲ್ಲ.

2019ರ ಫೆಬ್ರವರಿಯಲ್ಲಿ ಮತ್ತೆ ಅಮೆರಿಕಕ್ಕೆ ಹೋದೆವು. ತಂಡಕ್ಕೆ ಸೇರುವುದು ಬೇರೆ, ಆಡುವುದು ಬೇರೆ ಎಂದು ಆಗ ಗೊತ್ತಾಯಿತು. 35 ಮಂದಿಯಲ್ಲಿ ಮೈದಾನಕ್ಕಿಳಿಯುವವರು ಒಂಬತ್ತು. ಶುಕ್ರ, ಶನಿ, ಭಾನುವಾರ ದೊಡ್ಡ ಪಂದ್ಯಗಳು. ನಮ್ಮವನು ಬೆಂಚಿನ ತುದಿಯಲ್ಲಿ. ಚೆಂಡು ಹೆಕ್ಕುತ್ತಿದ್ದ, ಇತರರಿಗೆ ನೀರು ಕೊಡುತ್ತಿದ್ದ, ಎದುರು ತಂಡದ ಎಸೆತಗಾರನ ಹಿಮ್ಮಡಿಯನ್ನೇ ನೋಡುತ್ತಿದ್ದ. ಫೆಬ್ರವರಿ ಹೋಯಿತು, ಮಾರ್ಚ್ ಹೋಯಿತು. ಪ್ರತಿ ಸಲವೂ ನಾನು ಟೋಪಿ ಹಾಕಿಕೊಂಡು ಹೋಗುವುದು, ಅವನು ಬಟ್ಟೆಗೆ ಧೂಳು ಅಂಟದೆ ಹಿಂದಿರುಗುವುದು.

ಏಪ್ರಿಲ್‌ನ ಒಂದು ಮಂಗಳವಾರ, ವಾರದ ನಡುವಿನ ಪಂದ್ಯ. ಎಂಟನೇ ಇನ್ನಿಂಗ್ಸ್. ನಮ್ಮ ತಂಡ ಸೋಲುತ್ತಿತ್ತು. ಭಾರಿ ಮೈಯ ಒಬ್ಬ ಹುಡುಗ ಚೆಂಡು ಹೊಡೆದು ಮೊದಲ ಬೇಸ್ ಸೇರಿದ. ತರಬೇತುದಾರರು ಬೆಂಚಿನತ್ತ ತಿರುಗಿ ಕೈ ಮಾಡಿದರು. ನಮ್ಮವನು ಎದ್ದ. ಅವನ ಬದಲು ಓಡಲು! ಹಿಂದೆ ಕ್ರಿಕೆಟ್ಟಿನಲ್ಲಿ ಗಾಯಗೊಂಡವನಿಗೆ ರನ್ನರ್ ಇರುತ್ತಿದ್ದನಲ್ಲ, ಹಾಗೆ. ಆದರೆ ಇಲ್ಲಿ ಹೊರಹೋದವನು ಆ ಪಂದ್ಯಕ್ಕೆ ಮತ್ತೆ ಬರುವಂತಿಲ್ಲ.

ಮುಂದಿನವನು ಹೊಡೆದ ಚೆಂಡು ಎಡಗಡೆಯ ಮೂಲೆಗೆ ಹೋಯಿತು. ಒಂದು ಬೇಸಿನಿಂದ ಇನ್ನೊಂದಕ್ಕೆ 90 ಅಡಿ. ಮೊದಲನೆಯದರಿಂದ ಮನೆಗೆ, ಅಂದರೆ ಬ್ಯಾಟ್ ಬೀಸುವ ಜಾಗಕ್ಕೆ, 270 ಅಡಿ. ನಮ್ಮವನು ಎರಡನೆಯದನ್ನು ದಾಟಿದ, ಮೂರನೆಯದನ್ನು ದಾಟಿದ, ನಿಲ್ಲಲಿಲ್ಲ. ಚೆಂಡೂ ಬಂತು, ಅವನೂ ಬಂದ. ಕೆಂಪು ಧೂಳೆದ್ದು ಏನೂ ಕಾಣಲಿಲ್ಲ. ಧೂಳು ಇಳಿದಾಗ ಅಂಪೈರ್ ಎರಡೂ ಕೈ ಅಗಲಿಸಿ ನಿಂತಿದ್ದರು. ಔಟ್ ಅಲ್ಲ! ನಮ್ಮ ಮನೆಯಾಕೆ ಪಕ್ಕದಲ್ಲಿದ್ದ ಗುರುತಿಲ್ಲದ ಹೆಂಗಸನ್ನು ತಬ್ಬಿಕೊಂಡಿದ್ದರು. ನಾನು ಕನ್ನಡಕ ಒರೆಸುತ್ತಿದ್ದೆ.

ಆ ಪಂದ್ಯವನ್ನು ನಮ್ಮ ತಂಡ 9-6ರಲ್ಲಿ ಸೋತಿತು.

ರಾತ್ರಿ ಮಗಳು ಪಂದ್ಯದ ಬಾಕ್ಸ್ ಸ್ಕೋರ್ ಮುದ್ರಿಸಿಕೊಟ್ಟಳು. ಯಾರು ಎಷ್ಟು ಸಲ ಬ್ಯಾಟ್ ಹಿಡಿದರು, ಎಷ್ಟು ರನ್ ತಂದರು ಎಂದು ಸಾಲು ಸಾಲಾಗಿ ಬರೆದ ಪಟ್ಟಿ. ಇದಕ್ಕೆ ರೂಪ ಕೊಟ್ಟವರು 19ನೇ ಶತಮಾನದ ಹೆನ್ರಿ ಚಾಡ್‌ವಿಕ್. ಇಂಗ್ಲೆಂಡಿನಲ್ಲಿ ಹುಟ್ಟಿ, ಕ್ರಿಕೆಟ್ ವರದಿ ಬರೆದು ಅನುಭವವಿದ್ದ ಪತ್ರಕರ್ತ. ಮಕ್ಕಳೇ, ಇದರಲ್ಲಿ ಒಂದು ಸೊಗಸಿದೆ. ಬ್ಯಾಟಿಗೆ ಬಂದ ಪ್ರತಿಯೊಬ್ಬನಿಗೂ ಮೂರೇ ಗತಿ: ರನ್ ಆಗಿ ಮನೆಗೆ ಬರಬೇಕು, ಇಲ್ಲವೇ ಔಟಾಗಬೇಕು, ಇಲ್ಲವೇ ಇನ್ನಿಂಗ್ಸ್ ಮುಗಿದು ಬೇಸಿನ ಮೇಲೇ ಉಳಿಯಬೇಕು. ಆದ್ದರಿಂದ ಬ್ಯಾಟಿಗೆ ಬಂದವರ ಮೊತ್ತವೂ ಈ ಮೂರರ ಮೊತ್ತವೂ ಸಮನಾಗಲೇಬೇಕು. ನಮ್ಮ ಬ್ಯಾಂಕಿನ ಜಮಾ ಖರ್ಚಿನ ಹಾಗೆಯೇ. ಸಮವಾಗದಿದ್ದರೆ ಎಲ್ಲೋ ತಪ್ಪಿದೆ ಎಂದರ್ಥ.

ಸಂಜೆಯ ಶಿಲ್ಕು ತಾಳೆಯಾಗದೆ ರಾತ್ರಿ ಹತ್ತರವರೆಗೆ ಲೆಡ್ಜರ್ ಮುಂದೆ ಕೂತ ಅಭ್ಯಾಸ ನನ್ನದು. ಪೆನ್ಸಿಲ್ ತೆಗೆದುಕೊಂಡೆ. ಬ್ಯಾಟಿಂಗ್ 35, ನಾಲ್ಕು ಕೆಟ್ಟ ಎಸೆತ ಸಿಕ್ಕಿ ಉಚಿತವಾಗಿ ಬೇಸ್ ಸೇರಿದವರು 4, ಚೆಂಡು ಮೈಗೆ ತಗುಲಿದವರು 1, ತಾನು ಔಟಾಗಿ ಜೊತೆಗಾರನನ್ನು ಮುಂದೆ ಕಳಿಸಿದವನು 1. ಒಟ್ಟು 41. ಇನ್ನೊಂದು ಕಡೆ ರನ್ 6, ಬೇಸಿನಲ್ಲಿ ಉಳಿದವರು 8, ಔಟಾದವರು 27. ಒಟ್ಟು 41. ತಾಳೆಯಾಯಿತು.

ಮೊಮ್ಮಗನ ಸಾಲು ಕೆಳಗಡೆ ಇತ್ತು. ಬ್ಯಾಟಿಂಗ್ 0. ರನ್ 1.

ಆ ಒಂದರ ಮೇಲೆ ಬೆರಳಿಟ್ಟು ಮುಚ್ಚಿ ಮತ್ತೆ ಕೂಡಿದೆ. 40. ತಾಳೆಯಾಗಲಿಲ್ಲ.

ಮುಂದಿನ ಕಥೆ ಚಿಕ್ಕದು. 2020ರಲ್ಲಿ ಅವನು ಮತ್ತೆ ತಂಡದಲ್ಲಿದ್ದ. ಆಡುವ ಸರದಿ ಬರುವ ಮೊದಲೇ, ಮಾರ್ಚ್ 12ರಂದು, ಕೋವಿಡ್‌ನಿಂದಾಗಿ ಆ ವರ್ಷದ ಉಳಿದ ಪಂದ್ಯಗಳೆಲ್ಲ ರದ್ದಾದವು. ಕೊನೆಯ ವರ್ಷ ಓದಿನ ಹೊರೆ ಹೆಚ್ಚಾಗಿ ಆಟ ಬಿಟ್ಟ. ಈಗ ಇಂಜಿನಿಯರ್. ಅವನ ಕಾಲೇಜು ಬೇಸ್‌ಬಾಲಿನ ಒಟ್ಟು ಜಮೆ ಆ ಒಂದು ರನ್.

ನಿಯಮಗಳೂ ಬದಲಾಗಿವೆ. 2025ರಲ್ಲಿ ಅಮೆರಿಕದ ನ್ಯಾಯಾಲಯ ಒಪ್ಪಿದ ಒಂದು ರಾಜಿಯ ಪ್ರಕಾರ, ಅದಕ್ಕೆ ಸೇರಿದ ಕಾಲೇಜುಗಳು ತಂಡದ ಎಲ್ಲರಿಗೂ ವಿದ್ಯಾರ್ಥಿವೇತನ ಕೊಡಬಹುದು. 11.7ರ ಮಿತಿ ಇಲ್ಲ. ಆದರೆ ತಂಡದ ಗಾತ್ರ 34ಕ್ಕೆ ನಿಂತಿದೆ. ಕರೆದು ತಂದವರಿಗೆ ಇದು ಒಳ್ಳೆಯದೇ. ಕರೆಯದೆ ಬರುವವರ ಬಾಗಿಲು ಮಾತ್ರ ಇನ್ನಷ್ಟು ಕಿರಿದಾಯಿತು.

ಅಮ್ಮ ಹೇಳಿದ್ದು ಸುಳ್ಳಲ್ಲ. ಊಟಕ್ಕೆ ಕರೆಯದ ಮನೆಗೆ ಈಗಲೂ ನಾನು ಹೋಗುವುದಿಲ್ಲ. ಆದರೆ ನೋಟಿಸ್ ಬೋರ್ಡಿನಲ್ಲಿ ‘ಆಸಕ್ತರು ಬರುವುದು’ ಎಂದು ಬರೆದಿದ್ದರೆ ಅದೇ ಕರೆ. ಅಷ್ಟು ತಿಳಿಯಲು ನನಗೆ ಸುಮಾರು ಐವತ್ತು ವರ್ಷ ಹಿಡಿಯಿತು. ಮಕ್ಕಳೇ, ನಿಮ್ಮ ಶಾಲೆಯ ಬೋರ್ಡಿನಲ್ಲಿ ಅಂಥ ಚೀಟಿ ಕಂಡರೆ ಮರದ ಕೆಳಗೆ ನಿಲ್ಲಬೇಡಿ, ಒಳಗೆ ಹೋಗಿ. ಅಜ್ಜ ಅಜ್ಜಿಯರೇ, ಗಾರ್ಡ್ನರ್ ತಂದೆಯ ಪತ್ರ ಕೆಲಸ ಮಾಡಿತು, ನಿಜ. ಅದು ಅವನನ್ನು ಬಾಗಿಲವರೆಗೆ ತಂದಿತು, ಓಡಿದವನು ಅವನೇ. ಕೈಲಾದರೆ ಬೂಟಿಗೆ ಹಣ ಕೊಡಿ. ಬೇಡ ಎನಿಸಿಕೊಂಡು ಬಂದ ರಾತ್ರಿ ಮಂಚದ ತುದಿಯಲ್ಲಿ ಸ್ವಲ್ಪ ಹೊತ್ತು ಕೂತಿರಿ.

ನಾನು ಬರೆದು ಕಳಿಸದ ಒಂದೂವರೆ ಪುಟದ ಅರ್ಜಿಯೂ ಆ ಬಾಕ್ಸ್ ಸ್ಕೋರಿನ ಹಾಳೆಯೂ ನನ್ನ ಹಳೆಯ ಡೈರಿಯಲ್ಲಿ ಒಟ್ಟಿಗೆ ಇವೆ. ಆಗಾಗ ಹಾಳೆ ತೆಗೆದು ಮತ್ತೊಮ್ಮೆ ಕೂಡುತ್ತೇನೆ. ಪ್ರತಿ ಸಲವೂ 41 ಬರುತ್ತದೆ.